ಆನಂದಿಬಾಯಿ ಜೋಶಿ: ಫಾರ್ವರ್ಡ್ ಮೆಸೇಜ್‌ಗಳು ಹೇಳದ ಮೂರು ವರ್ಷಗಳ ಓದಿನ ಕಥೆ

ಮೂವರು ಯುವತಿಯರಿರುವ ಹಳೆಯ ಕಪ್ಪು-ಬಿಳುಪು ಫೋಟೋವೊಂದು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಎಡಗಡೆ ಸೀರೆಯುಟ್ಟವರು, ನಡುವೆ ಕಿಮೋನೊ ಧರಿಸಿದವರು, ಬಲಗಡೆ ಅರಬ್ ನಾಡಿನ ಉಡುಪಿನಲ್ಲಿರುವವರು. ಫೋಟೋದ ಕೆಳಗೆ ಸಾಮಾನ್ಯವಾಗಿ ಎರಡು ಸಾಲು ಇರುತ್ತದೆ. ಇವರು ತಮ್ಮ ತಮ್ಮ ದೇಶದ ಮೊದಲ ಮಹಿಳಾ ವೈದ್ಯರು, ಸೀರೆಯುಟ್ಟವರು ನಮ್ಮ ಆನಂದಿಬಾಯಿ ಜೋಶಿ, ಹೆಮ್ಮೆಯಿಂದ ಶೇರ್ ಮಾಡಿ ಎಂಬರ್ಥದ ಸಾಲುಗಳವು.

ಫೋಟೋ ಅಸಲಿಯೇ. ಎಡಿಟ್ ಮಾಡಿದ್ದಲ್ಲ. 1885ರ ಅಕ್ಟೋಬರ್ 10ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ತೆಗೆದ ಚಿತ್ರವದು. ಅದರಲ್ಲಿರುವುದು ಭಾರತದ ಆನಂದಿಬಾಯಿ ಜೋಶಿ, ಜಪಾನಿನ ಕೇ ಒಕಾಮಿ ಮತ್ತು ದಮಾಸ್ಕಸ್‌ನ ಸಬತ್ ಇಸ್ಲಾಂಬುಲಿ. ಆದರೆ ಫೋಟೋ ತೆಗೆದ ದಿನ ಈ ಮೂವರಲ್ಲಿ ಯಾರೂ ಡಾಕ್ಟರ್ ಆಗಿರಲಿಲ್ಲ. ಮೂವರೂ ವಿದ್ಯಾರ್ಥಿನಿಯರು. ಆನಂದಿಬಾಯಿಗೆ ಪದವಿ ಸಿಕ್ಕಿದ್ದು ಮರುವರ್ಷ, ಒಕಾಮಿಗೆ 1889ರಲ್ಲಿ, ಇಸ್ಲಾಂಬುಲಿಗೆ 1890ರಲ್ಲಿ.

ಇದು ಸಣ್ಣ ವ್ಯತ್ಯಾಸ ಎನಿಸಬಹುದು. ಆದರೆ ಆನಂದಿಬಾಯಿಯವರ ಬದುಕಿನ ಮಟ್ಟಿಗೆ ಇದೇ ಮುಖ್ಯ ಸಂಗತಿ. ಅವರು ಪದವಿ ಪಡೆದ ಒಂದೇ ವರ್ಷದೊಳಗೆ ತೀರಿಕೊಂಡರು. ಡಾಕ್ಟರಾಗಿ ಕೆಲಸ ಮಾಡುವ ಅವಕಾಶ ಅವರಿಗೆ ಸಿಗಲೇ ಇಲ್ಲ. ಅವರು ನಿಜವಾಗಿ ಮಾಡಿ ಮುಗಿಸಿದ ಕೆಲಸವೆಂದರೆ ಓದು. ಅದೂ ಎಂಥ ಪರಿಸ್ಥಿತಿಯಲ್ಲಿ ಎಂಬುದನ್ನು ಫಾರ್ವರ್ಡ್‌ಗಳು ಹೇಳುವುದಿಲ್ಲ. ಹಾಗಾಗಿ ಅವರ ಕಥೆಯನ್ನು ಮೊದಲಿನಿಂದ ನೋಡೋಣ. ದಾರಿಯಲ್ಲಿ ಸಿಗುವ ಕೆಲವು ತಪ್ಪು ನಂಬಿಕೆಗಳನ್ನೂ ಸರಿಪಡಿಸಿಕೊಳ್ಳೋಣ.

ಯಮುನಾ, ಆನಂದಿ ಆದದ್ದು

ಆನಂದಿಬಾಯಿ ಹುಟ್ಟಿದ್ದು 1865ರ ಮಾರ್ಚ್ 31ರಂದು. ಮುಂಬೈಗೆ ಹತ್ತಿರದ ಕಲ್ಯಾಣದ ಮರಾಠಿ ಬ್ರಾಹ್ಮಣ ಕುಟುಂಬ. ತವರಿನಲ್ಲಿ ಇಟ್ಟ ಹೆಸರು ಯಮುನಾ. ಒಂದು ಕಾಲಕ್ಕೆ ಜಮೀನು, ಆಸ್ತಿ ಇದ್ದ ಮನೆ ಅದು. ಆಗಿನ ರೂಢಿಯಂತೆ 9ನೇ ವಯಸ್ಸಿಗೆ ಮದುವೆ ಮಾಡಿದರು. ವರ ಗೋಪಾಲರಾವ್ ಜೋಶಿ, ಅಂಚೆ ಇಲಾಖೆಯ ಗುಮಾಸ್ತ. ವಿಧುರ, ವಧುವಿಗಿಂತ ಸುಮಾರು 20 ವರ್ಷ ದೊಡ್ಡವರು. ಮದುವೆಯ ನಂತರ ಹುಡುಗಿಯ ಹೆಸರು ಆನಂದಿ ಎಂದಾಯಿತು.

ಗೋಪಾಲರಾವ್ ಅವರ ಕಾಲದ ಬೇರೆ ಗಂಡಸರಂತೆ ಇರಲಿಲ್ಲ. ಹೆಂಡತಿ ಓದಲೇಬೇಕು ಎಂಬುದು ಅವರ ಹಟ. ಮನೆಯಲ್ಲೇ ಪಾಠ ಹೇಳಿಕೊಟ್ಟರು. ಮನೆಯ ಹಿರಿಯರು ಅಡ್ಡಿ ಬರಬಾರದೆಂದು ಅಲೀಬಾಗ್‌ಗೆ ವರ್ಗ ಮಾಡಿಸಿಕೊಂಡರು. ಮುಂದೆ ಕೊಲ್ಹಾಪುರ, ಕಲ್ಕತ್ತ, ಸೆರಾಂಪುರ ಎಂದು ವರ್ಗವಾದಲ್ಲೆಲ್ಲ ಹೆಂಡತಿಯ ಓದು ಮುಂದುವರಿಯಿತು. ಮರಾಠಿಯ ಜೊತೆಗೆ ಇಂಗ್ಲಿಷ್, ಸಂಸ್ಕೃತವೂ ಸೇರಿದವು.

ಗೋಪಾಲರಾವ್ ಆದರ್ಶ ಪತಿಯೇ?

ಆನಂದಿಬಾಯಿಯ ಕುರಿತ ಬಹುತೇಕ ಪೋಸ್ಟ್‌ಗಳಲ್ಲಿ ಗೋಪಾಲರಾವ್ ಎಂದರೆ ಹೆಂಡತಿಯನ್ನು ಓದಿಸಿದ ದೇವರಂಥ ಗಂಡ. ಇದು ಅರ್ಧ ಸತ್ಯ.

ಓದಿಸಿದ್ದು ನಿಜ. ಆದರೆ ಆ ಓದಿಸುವಿಕೆಯಲ್ಲಿ ಹೊಡೆತವೂ ಇತ್ತು. ಆನಂದಿಬಾಯಿ ಅಮೆರಿಕದಿಂದ ಗಂಡನಿಗೆ ಬರೆದ ಒಂದು ಪತ್ರದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ನೆನಪಿಸಿದ್ದಾರೆ. 10 ವರ್ಷದವಳಿದ್ದಾಗ ಕಟ್ಟಿಗೆಯ ತುಂಡಿನಿಂದ ಹೊಡೆದದ್ದು, 12ರಲ್ಲಿ ಕುರ್ಚಿ, ಪುಸ್ತಕ ಎಸೆದದ್ದು, 14ರಲ್ಲಿ ಬಿಟ್ಟುಹೋಗುತ್ತೇನೆಂದು ಹೆದರಿಸಿದ್ದು ಎಲ್ಲವೂ ಅದರಲ್ಲಿವೆ. ಚಿಕ್ಕ ಹುಡುಗಿಗೆ ಗಂಡನ ಮಾತು ಮೀರುವ ದಾರಿಯೇ ಇರಲಿಲ್ಲ ಎಂಬುದನ್ನೂ ಅವರು ಅಲ್ಲಿ ಹೇಳಿಕೊಂಡಿದ್ದಾರೆ. ಅದೇ ಹೊತ್ತಿಗೆ, ತನ್ನ ಓದಿಗೆ ಕಾರಣರಾದವರು ಅವರೇ ಎಂಬ ಕೃತಜ್ಞತೆಯೂ ಆನಂದಿಬಾಯಿಗೆ ಇತ್ತು.

ಎರಡೂ ನಿಜ. ಹೊಡೆದರೆ ಮಾತ್ರ ಮಕ್ಕಳು ಓದುತ್ತಾರೆ ಎನ್ನುವವರು ನಮ್ಮಲ್ಲಿ ಈಗಲೂ ಇದ್ದಾರೆ. ಅಂಥವರು ಗೋಪಾಲರಾವ್ ಅವರನ್ನು ಉದಾಹರಣೆಯಾಗಿ ತೋರಿಸುವ ಮೊದಲು ಆ ಪತ್ರವನ್ನು ನೆನೆಯಬೇಕು. ಪೆಟ್ಟು ತಿಂದ ಹುಡುಗಿ ಅದನ್ನು ವರ್ಷಗಳ ನಂತರ, ಸಮುದ್ರದಾಚೆಯಿಂದಲೂ ಮರೆತಿರಲಿಲ್ಲ.

ಹತ್ತೇ ದಿನ ಬದುಕಿದ ಮಗು

14ನೇ ವಯಸ್ಸಿಗೆ ಆನಂದಿಬಾಯಿಗೆ ಗಂಡು ಮಗು ಹುಟ್ಟಿತು. ಹತ್ತು ದಿನ ಬದುಕಿತ್ತು, ಅಷ್ಟೇ. ಸಕಾಲಕ್ಕೆ ವೈದ್ಯರ ನೆರವು ಸಿಗದೆ ಹೋದ ಆ ಸಾವೇ ಅವರನ್ನು ವೈದ್ಯಕೀಯದ ಕಡೆ ತಿರುಗಿಸಿತು.

ಆಗಿನ ಪರಿಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಿ. ವೈದ್ಯರೆಂದರೆ ಗಂಡಸರೇ. ಮರ್ಯಾದಸ್ಥ ಮನೆಯ ಹೆಂಗಸರು ಪರಪುರುಷನ ಮುಂದೆ ಮೈ ತೋರಿಸುವಂತಿಲ್ಲ, ಕಾಯಿಲೆ ಏನೆಂದು ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. ಹೆರಿಗೆ ಸೂಲಗಿತ್ತಿಯರ ಕೈಯಲ್ಲಿ. ಹೆರಿಗೆ ಮಾಡಿಸುವವರು ಕೈಯನ್ನು ಕ್ರಿಮಿನಾಶಕದಿಂದ ತೊಳೆದುಕೊಂಡರೆ ಬಾಣಂತಿ ಜ್ವರದ ಸಾವುಗಳು ಇಳಿಯುತ್ತವೆ ಎಂದು ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ 1847ರಲ್ಲೇ ತೋರಿಸಿದ್ದರು. ಯುರೋಪಿನ ವೈದ್ಯರೇ ಅದನ್ನು ಒಪ್ಪಲು ದಶಕಗಳು ಹಿಡಿದವು. ಹಾಗಿರುವಾಗ ಇಲ್ಲಿನ ಬಾಣಂತಿ ಕೋಣೆಗೆ ಆ ತಿಳಿವಳಿಕೆ ಬರುವ ಮಾತೇ ಇರಲಿಲ್ಲ.

ಹೆಂಗಸರಿಗೆ ಹೆಂಗಸರೇ ಡಾಕ್ಟರಾದರೆ ಎಷ್ಟೋ ಜೀವ ಉಳಿಯುತ್ತದೆ ಎಂಬುದು ಆನಂದಿಬಾಯಿಯ ತೀರ್ಮಾನ. ಮಗು ಕಳೆದುಕೊಂಡ ಹುಡುಗಿ ಸ್ವಂತ ಅನುಭವದಿಂದ ತಲುಪಿದ ತೀರ್ಮಾನ ಅದು.

ದಂತವೈದ್ಯರ ಬಳಿ ಸಿಕ್ಕ ಪತ್ರಿಕೆ

ಹೆಂಡತಿಯನ್ನು ಅಮೆರಿಕಕ್ಕೆ ಕಳಿಸಲು ಸಹಾಯ ಬೇಕೆಂದು ಗೋಪಾಲರಾವ್ ಅಮೆರಿಕದ ಪಾದ್ರಿ ರಾಯಲ್ ವೈಲ್ಡರ್ ಅವರಿಗೆ ಪತ್ರ ಬರೆದರು. ಕ್ರೈಸ್ತ ಧರ್ಮಕ್ಕೆ ಬಂದರೆ ನೆರವಾಗುವುದಾಗಿ ವೈಲ್ಡರ್ ಸೂಚಿಸಿದರು. ದಂಪತಿ ಒಪ್ಪಲಿಲ್ಲ. ವೈಲ್ಡರ್ ಈ ಪತ್ರ ವ್ಯವಹಾರವನ್ನು ತಮ್ಮ ಮಿಷನರಿ ಪತ್ರಿಕೆಯಲ್ಲಿ ಪ್ರಕಟಿಸಿದರು. ವಿಷಯ ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಯಲಿಲ್ಲ. ನ್ಯೂಜೆರ್ಸಿಯ ರೋಸೆಲ್ ಎಂಬ ಊರಿನ ಥಿಯೊಡಿಷಿಯಾ ಕಾರ್ಪೆಂಟರ್ ಎಂಬ ಗೃಹಿಣಿ ಹಲ್ಲು ತೋರಿಸಲು ದಂತವೈದ್ಯರ ಬಳಿ ಹೋಗಿದ್ದರು. ಸರದಿ ಕಾಯುತ್ತಾ ಕೈಗೆ ಸಿಕ್ಕ ಪತ್ರಿಕೆ ತಿರುವಿದಾಗ ಈ ಪತ್ರಗಳು ಕಣ್ಣಿಗೆ ಬಿದ್ದವು. ಭಾರತದ ಆ ಹುಡುಗಿಗೆ ತಾವೇ ಪತ್ರ ಬರೆದರು. ಅಲ್ಲಿಂದ ಶುರುವಾದ ಪತ್ರಗಳು ವರ್ಷಗಟ್ಟಲೆ ಓಡಾಡಿದವು. ಆನಂದಿಬಾಯಿ ಅವರನ್ನು ಚಿಕ್ಕಮ್ಮ ಎಂದೇ ಕರೆಯತೊಡಗಿದರು. ಅಮೆರಿಕಕ್ಕೆ ಬಂದರೆ ನಮ್ಮ ಮನೆಯಲ್ಲೇ ಇರು ಎಂದು ಕಾರ್ಪೆಂಟರ್ ಭರವಸೆ ಕೊಟ್ಟರು.

ಈ ಪತ್ರಗಳ ಕಾಲದಲ್ಲೇ ಇನ್ನೊಂದು ಸಂಗತಿ ನಡೆಯುತ್ತಿತ್ತು. ಆನಂದಿಬಾಯಿಯ ಆರೋಗ್ಯ ಚೆನ್ನಾಗಿರಲಿಲ್ಲ. ನಿಶ್ಶಕ್ತಿ, ಬಿಡದ ತಲೆನೋವು, ಆಗಾಗ ಜ್ವರ, ಕೆಲವೊಮ್ಮೆ ಉಸಿರಾಟದ ತೊಂದರೆ. ಕಾರ್ಪೆಂಟರ್ ಅಮೆರಿಕದಿಂದ ಔಷಧ ಕಳಿಸಿದರೂ ಗುಣ ಕಾಣಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸೆರಾಂಪುರದ ಸಭೆ

ಬ್ರಾಹ್ಮಣ ಹೆಂಗಸೊಬ್ಬಳು ಸಮುದ್ರ ದಾಟಿ ಓದಲು ಹೋಗುತ್ತಾಳಂತೆ ಎಂಬ ಸುದ್ದಿ ಹರಡಿದಾಗ ವಿರೋಧವೂ ಜೋರಾಯಿತು. ಆಗ ಸಮುದ್ರ ದಾಟುವುದೆಂದರೆ ಜಾತಿ ಕೆಡುವುದು, ಬಹಿಷ್ಕಾರ. 1883ರ ಫೆಬ್ರವರಿ 24ರಂದು ಸೆರಾಂಪುರ ಕಾಲೇಜಿನ ಸಭಾಂಗಣದಲ್ಲಿ ಆನಂದಿಬಾಯಿ ಜನರ ಮುಂದೆ ನಿಂತು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ಅವರಿಗಾಗ ಇನ್ನೂ 18 ತುಂಬಿರಲಿಲ್ಲ.

ಭಾರತದಲ್ಲೇ ಯಾಕೆ ಓದಬಾರದು ಎಂಬುದು ಎಲ್ಲರ ಪ್ರಶ್ನೆ. ಮದ್ರಾಸಿನ ವೈದ್ಯಕೀಯ ಕಾಲೇಜು 1875ರಲ್ಲೇ ಕೆಲವು ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿದ್ದೂ ನಿಜ. ಆದರೆ ಉಳಿದ ಕಡೆ ಇದ್ದದ್ದು ಹೆರಿಗೆ ಮಾಡಿಸುವ ತರಬೇತಿ ತರಗತಿಗಳು ಮಾತ್ರ, ಪೂರ್ಣ ವೈದ್ಯಕೀಯ ಶಿಕ್ಷಣವಲ್ಲ ಎಂದು ಆನಂದಿಬಾಯಿ ವಿವರಿಸಿದರು. ಪುಸ್ತಕ ಹಿಡಿದು ಬೀದಿಗಿಳಿದರೆ ಜನ ನಿಂತು ನೋಡುವುದು, ಕೂಗಿ ಲೇವಡಿ ಮಾಡುವುದನ್ನೂ ಹೇಳಿದರು. ಹೋಗುವಾಗ ಹೇಗೆ ಹಿಂದೂವಾಗಿ ಹೋಗುತ್ತೇನೋ ಬರುವಾಗಲೂ ಹಾಗೇ ಬರುತ್ತೇನೆ ಎಂದು ಮಾತು ಕೊಟ್ಟರು.

ಭಾಷಣ ಪತ್ರಿಕೆಗಳಲ್ಲಿ ಬಂತು. ನೆರವಿನ ಹಣ ಬರತೊಡಗಿತು. ವೈಸ್‌ರಾಯ್ ಸಹ ಕೊಟ್ಟರು. ತವರಿನವರು ಕೊಟ್ಟಿದ್ದ ಚಿನ್ನದ ಬಳೆಗಳನ್ನೂ ಆನಂದಿಬಾಯಿ ಮಾರಿದರು. ಗೋಪಾಲರಾವ್‌ಗೆ ಜೊತೆಯಲ್ಲಿ ಹೋಗಲಾಗಲಿಲ್ಲ. 1883ರ ಏಪ್ರಿಲ್ 7ರಂದು ಕಲ್ಕತ್ತದಲ್ಲಿ ಹಡಗು ಹತ್ತಿದ ಆನಂದಿಬಾಯಿ, ಸುಮಾರು ಎರಡು ತಿಂಗಳ ಪ್ರಯಾಣದ ನಂತರ ಜೂನ್ 4ರಂದು ನ್ಯೂಯಾರ್ಕ್ ತಲುಪಿದರು. ಬಂದರಿನಲ್ಲಿ ಕಾಯುತ್ತಿದ್ದವರು ಕಾರ್ಪೆಂಟರ್ ಚಿಕ್ಕಮ್ಮ. ಅಲ್ಲಿಯವರೆಗೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಕಾಲೇಜಿನಲ್ಲಿ ಏನು ಕಲಿಸುತ್ತಿದ್ದರು?

ಆನಂದಿಬಾಯಿ ಸೇರಿದ್ದು ಫಿಲಡೆಲ್ಫಿಯಾದ ವುಮನ್ಸ್ ಮೆಡಿಕಲ್ ಕಾಲೇಜ್ ಆಫ್ ಪೆನ್ಸಿಲ್ವೇನಿಯಾ. 1850ರಲ್ಲಿ ಹೆಂಗಸರಿಗೆಂದೇ ಶುರುವಾದ ವೈದ್ಯಕೀಯ ಕಾಲೇಜು ಅದು. ಆಗ ಡೀನ್ ಆಗಿದ್ದವರು ರೇಚಲ್ ಬಾಡ್ಲಿ ಎಂಬ ರಸಾಯನಶಾಸ್ತ್ರಜ್ಞೆ. ತನ್ನ ಓದು ಕಡಿಮೆ, ಆದರೆ ನಮ್ಮ ದೇಶದ ನರಳುವ ಬಡ ಹೆಂಗಸರಿಗಾಗಿ ಕಲಿಯಬೇಕಿದೆ ಎಂಬರ್ಥದ ಅರ್ಜಿ ನೋಡಿ ಬಾಡ್ಲಿ ಸೀಟು ಕೊಟ್ಟರು. ವಿದ್ಯಾರ್ಥಿವೇತನವನ್ನೂ ಒದಗಿಸಿದರು.

ಇಲ್ಲಿ ನಮ್ಮಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುವ ವಿಷಯವೊಂದಿದೆ. ಆನಂದಿಬಾಯಿ ಪಡೆದದ್ದು ಎಂ.ಡಿ. ಪದವಿ. ಭಾರತದಲ್ಲಿ ಈಗ ಎಂ.ಡಿ. ಎಂದರೆ ಎಂಬಿಬಿಎಸ್ ಮುಗಿದ ಮೇಲಿನ ಸ್ನಾತಕೋತ್ತರ ಪದವಿ. ಹಾಗಾಗಿ ಅವರು 21ನೇ ವಯಸ್ಸಿಗೇ ಸ್ಪೆಷಲಿಸ್ಟ್ ಆಗಿದ್ದರು ಎಂದು ಕೆಲವರು ತಿಳಿಯುತ್ತಾರೆ. ಅದು ಸರಿಯಲ್ಲ. ಅಮೆರಿಕದಲ್ಲಿ ಎಂ.ಡಿ. ಎಂದರೆ ವೈದ್ಯರಾಗಲು ಪಡೆಯುವ ಮೊದಲ ಪದವಿ, ನಮ್ಮ ಎಂಬಿಬಿಎಸ್ ಇದ್ದಂತೆ. ಈಗ ಅಲ್ಲಿ ಅದಕ್ಕೆ ಸೇರಲು ಮೊದಲು ಬೇರೊಂದು ಪದವಿ ಮುಗಿಸಿರಬೇಕು. 1880ರ ದಶಕದಲ್ಲಿ ಆ ನಿಯಮ ಇರಲಿಲ್ಲ. ಬಿ.ಎ. ಸಹ ಓದಿರದ, ಬಹುಪಾಲು ಮನೆಯಲ್ಲೇ ಕಲಿತ ಆನಂದಿಬಾಯಿ ನೇರವಾಗಿ ಸೇರಲು ಸಾಧ್ಯವಾದದ್ದು ಅದಕ್ಕೇ. ಇದರಿಂದ ಅವರ ಸಾಧನೆ ಚಿಕ್ಕದಾಗುವುದಿಲ್ಲ. ನಮ್ಮ ಮನೆಯ ಮಕ್ಕಳು ಪಿಯುಸಿ ಮುಗಿಸಿ ಆರೋಗ್ಯ ವಿಜ್ಞಾನದ ಮೊದಲ ಪದವಿಗೆ ಸೇರುತ್ತಾರಲ್ಲ, ಅದೇ ವಯಸ್ಸಿನಲ್ಲಿ ಅದೇ ಹಂತದ ಓದಿಗೆ ಅವರು ಸೇರಿದ್ದು. ವ್ಯತ್ಯಾಸವೆಂದರೆ ಪರದೇಶ, ಪರಭಾಷೆ, ಒಂಟಿತನ.

ಕೋರ್ಸ್ ಮೂರು ವರ್ಷದ್ದು. ಅಂಗರಚನೆ, ಶರೀರಕ್ರಿಯೆ, ರಸಾಯನಶಾಸ್ತ್ರ, ಔಷಧಶಾಸ್ತ್ರ, ರೋಗಲಕ್ಷಣಶಾಸ್ತ್ರ, ಶಸ್ತ್ರಚಿಕಿತ್ಸೆ, ಪ್ರಸೂತಿಶಾಸ್ತ್ರ ಎಲ್ಲವೂ ಇದ್ದವು. ಶವವನ್ನು ಮುಟ್ಟಿದರೆ ಮೈಲಿಗೆ ಎನ್ನುವ ಮನೆಯಿಂದ ಬಂದವರು ಅಂಗರಚನೆಯ ಪಾಠಕ್ಕೆ ಕೂರಬೇಕಿತ್ತು.

ವೈದ್ಯಕೀಯದ ಚರಿತ್ರೆಯಲ್ಲೂ ಅದು ದೊಡ್ಡ ಬದಲಾವಣೆಯ ಕಾಲ. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂಬ ಹಳೆಯ ನಂಬಿಕೆ ಬಿದ್ದುಹೋಗುತ್ತಿತ್ತು. ರೋಗಾಣುಗಳಿಂದ ರೋಗ ಬರುತ್ತದೆ ಎಂಬುದಕ್ಕೆ ಒಂದೊಂದೇ ಪುರಾವೆ ಸಿಗುತ್ತಿತ್ತು. ಆನಂದಿಬಾಯಿ ಅಮೆರಿಕಕ್ಕೆ ಬರುವ ಹಿಂದಿನ ವರ್ಷ, 1882ರ ಮಾರ್ಚ್ 24ರಂದು, ಜರ್ಮನಿಯ ರಾಬರ್ಟ್ ಕಾಖ್ ಕ್ಷಯರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಪತ್ತೆ ಮಾಡಿದ್ದಾಗಿ ಘೋಷಿಸಿದ್ದರು. ಮಾರ್ಚ್ 24 ಇಂದಿಗೂ ವಿಶ್ವ ಕ್ಷಯರೋಗ ದಿನ. ರೋಗಾಣು ಸಿಕ್ಕಿತ್ತು, ಮದ್ದು ಮಾತ್ರ ಸಿಕ್ಕಿರಲಿಲ್ಲ.

ಸೀರೆ, ಸಸ್ಯಾಹಾರ, ಚಳಿ

ಫಿಲಡೆಲ್ಫಿಯಾದ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಮರಾಠಿ ಹೆಂಗಸರ ಒಂಬತ್ತು ಗಜದ ಸೀರೆಯನ್ನು ಕಚ್ಚೆ ಹಾಕಿ ಉಟ್ಟರೆ ಮೀನಖಂಡ ಮುಚ್ಚುವುದಿಲ್ಲ. ಹಾಗಾಗಿ ಆನಂದಿಬಾಯಿ ಗುಜರಾತಿ ಶೈಲಿಯಲ್ಲಿ ಸೀರೆ ಉಡಲು ಶುರುಮಾಡಿದರು. ಪಾಶ್ಚಾತ್ಯ ಉಡುಪಿಗೆ ಬದಲಾಗಲಿಲ್ಲ. ಊಟದಲ್ಲೂ ಸಸ್ಯಾಹಾರವನ್ನೇ ಪಾಲಿಸಿದರು. ಮಾತು ಕೊಟ್ಟು ಬಂದಿದ್ದರಲ್ಲ. ಗಂಡನಿಂದ ಬರುವ ಪತ್ರಗಳಲ್ಲೂ ಅನುಮಾನ, ಆಕ್ಷೇಪ ಇರುತ್ತಿದ್ದವು. ಸೀರೆ ಉಡುವ ವಿಧಾನ ಬದಲಾಯಿಸಿದ್ದಕ್ಕೂ ಅವರು ಸಮಜಾಯಿಷಿ ಕೊಡಬೇಕಾಯಿತು.

ಓದು ಸಾಗಿತು, ಆರೋಗ್ಯ ಇಳಿಯುತ್ತಾ ಹೋಯಿತು. ಕೊನೆಗೆ ಅದು ಕ್ಷಯ, ಅಂದರೆ ಟಿಬಿ ಎಂದು ಗೊತ್ತಾಯಿತು.

ಅಮೆರಿಕದ ಚಳಿಯಿಂದ ಟಿಬಿ ಬಂತೇ?

ಆನಂದಿಬಾಯಿಯ ಕಥೆಯಲ್ಲಿ ಬಹಳ ಸಲ ಕೇಳಿಬರುವ ವಿವರಣೆ ಇದು. ಚಳಿ ತಡೆಯಲಾಗದೆ ಟಿಬಿ ಬಂತು ಎನ್ನುತ್ತಾರೆ. ಸಸ್ಯಾಹಾರ ಬಿಡದ್ದಕ್ಕೆ ಬಂತು ಎನ್ನುವವರೂ ಇದ್ದಾರೆ.

ಚಳಿಯಿಂದ ಟಿಬಿ ಬರುವುದಿಲ್ಲ. ಟಿಬಿ ಬರುವುದು ಬ್ಯಾಕ್ಟೀರಿಯಾದಿಂದ. ಶ್ವಾಸಕೋಶದ ಟಿಬಿ ಇರುವವರು ಕೆಮ್ಮಿದಾಗ, ಸೀನಿದಾಗ, ಮಾತಾಡಿದಾಗ ಗಾಳಿಗೆ ಸೇರುವ ಸೂಕ್ಷ್ಮ ಕಣಗಳ ಮೂಲಕ ಇನ್ನೊಬ್ಬರಿಗೆ ಹರಡುತ್ತದೆ. ಸೋಂಕು ತಗುಲಿದವರಿಗೆಲ್ಲ ಕಾಯಿಲೆ ಬರುವುದೂ ಇಲ್ಲ. 100 ಜನಕ್ಕೆ ಸೋಂಕು ತಗುಲಿದರೆ, ಅವರಲ್ಲಿ ಸುಮಾರು 5ರಿಂದ 10 ಜನರಿಗೆ ಮಾತ್ರ ಜೀವಮಾನದಲ್ಲಿ ಯಾವಾಗಲಾದರೂ ಕಾಯಿಲೆಯಾಗಿ ಕಾಣಿಸಿಕೊಳ್ಳುತ್ತದೆ. ಉಳಿದವರ ಮೈಯಲ್ಲಿ ಅದು ಸುಮ್ಮನೆ ಮಲಗಿರುತ್ತದೆ. ಮೈಯ ಶಕ್ತಿ ಕುಂದಿದಾಗ ಎದ್ದೇಳುವ ಸಾಧ್ಯತೆ ಹೆಚ್ಚು. ಅಮೆರಿಕಕ್ಕೆ ಹೊರಡುವ ಮೊದಲೇ ಆನಂದಿಬಾಯಿಗೆ ಜ್ವರ, ನಿಶ್ಶಕ್ತಿ ಇದ್ದವು ಎಂಬುದನ್ನು ಇಲ್ಲಿ ನೆನೆಯಬೇಕು. ಎಲ್ಲವನ್ನೂ ಫಿಲಡೆಲ್ಫಿಯಾದ ಹಿಮದ ತಲೆಗೆ ಕಟ್ಟುವಂತಿಲ್ಲ.

ಸಸ್ಯಾಹಾರದ ಮಾತೂ ಹಾಗೆಯೇ. ಸಸ್ಯಾಹಾರಿಯಾಗಿದ್ದ ಮಾತ್ರಕ್ಕೆ ಟಿಬಿ ಬರುವುದಿಲ್ಲ. ಆದರೆ ಹೊಟ್ಟೆಗೆ ಸಾಕಷ್ಟು ಪೌಷ್ಟಿಕ ಆಹಾರ ಬೀಳದಿದ್ದರೆ ಟಿಬಿಯ ಅಪಾಯ ಹೆಚ್ಚುತ್ತದೆ ಎಂಬುದು ನಿಜ. ಇದನ್ನು ಈಚೆಗೆ ಗಟ್ಟಿಯಾಗಿ ತೋರಿಸಿದವರಲ್ಲಿ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಇದ್ದಾರೆ. ಅವರ ತಂಡ ಜಾರ್ಖಂಡ್‌ನಲ್ಲಿ ಟಿಬಿ ರೋಗಿಗಳ ಮನೆಯವರಿಗೆ ಹೆಚ್ಚುವರಿ ಪೌಷ್ಟಿಕ ಆಹಾರ ಕೊಟ್ಟು ನೋಡಿತು. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಸುಮಾರು ಶೇ. 40ರಷ್ಟು ಕಡಿಮೆಯಾಯಿತು. ಈ ಫಲಿತಾಂಶ 2023ರಲ್ಲಿ ಪ್ರಕಟವಾಯಿತು.

ಪದವಿಯ ದಿನ

ಕಾಯಿಲೆಯ ನಡುವೆಯೇ ಆನಂದಿಬಾಯಿ ಓದು ಮುಗಿಸಿದರು. ಪದವಿಗಾಗಿ ಬರೆದ ಪ್ರಬಂಧದ ವಿಷಯ ಹಿಂದೂಗಳಲ್ಲಿ ಪ್ರಸೂತಿಶಾಸ್ತ್ರ. ಆಯುರ್ವೇದದ ಗ್ರಂಥಗಳನ್ನೂ ಅಮೆರಿಕದ ಪಠ್ಯಪುಸ್ತಕಗಳನ್ನೂ ಅದರಲ್ಲಿ ಬಳಸಿಕೊಂಡರು. ಹತ್ತು ದಿನದ ಮಗುವನ್ನು ಕಳೆದುಕೊಂಡ ತಾಯಿ ಹೆರಿಗೆಯ ವಿಷಯವನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ.

1886ರ ಮಾರ್ಚ್ 11ರಂದು ಪದವಿ ಪ್ರದಾನ ನಡೆಯಿತು. ಆ ಹೊತ್ತಿಗೆ ಗೋಪಾಲರಾವ್ ಸಹ ಅಮೆರಿಕ ತಲುಪಿದ್ದರು. ಇಂಗ್ಲೆಂಡಿನಿಂದ ಇನ್ನೊಬ್ಬ ಅತಿಥಿಯೂ ಬಂದಿದ್ದರು. ಅವರು ಪಂಡಿತಾ ರಮಾಬಾಯಿ, ಆನಂದಿಬಾಯಿಗೆ ದೂರದ ಸಂಬಂಧಿ. ರಮಾಬಾಯಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗವದು. ವಿಕ್ಟೋರಿಯಾ ರಾಣಿಯ ಕಡೆಯಿಂದಲೂ ಅಭಿನಂದನೆಯ ಸಂದೇಶ ಬಂತು.

ಕೊಲ್ಹಾಪುರ ಸಂಸ್ಥಾನ ಆನಂದಿಬಾಯಿಯನ್ನು ಅಲ್ಲಿನ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಾರ್ಡಿನ ಮುಖ್ಯ ವೈದ್ಯೆಯಾಗಿ ನೇಮಿಸಿತು. ಗಂಡನೊಂದಿಗೆ ಹೆಂಗಸು ಓದಲು ಬಂದು ಪಾಠ ಕಲಿತ ಅದೇ ಕೊಲ್ಹಾಪುರ, ಈಗ ಡಾಕ್ಟರಾಗಿ ಬಾ ಎಂದು ಕರೆಯಿತು.

1886ರ ಕೊನೆಯ ಭಾಗದಲ್ಲಿ ಅವರು ಭಾರತಕ್ಕೆ ಮರಳಿದರು. ಮುಂಬೈಯಲ್ಲಿ ಸ್ವಾಗತ ಸಿಕ್ಕಿತು. ಆದರೆ ಕೊಲ್ಹಾಪುರದ ಆಸ್ಪತ್ರೆಗೆ ಹೋಗಿ ಕೆಲಸ ಶುರು ಮಾಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಊರಿನ ಹವೆ, ಊರಿನ ಊಟದಿಂದ ಗುಣವಾಗಬಹುದು ಎಂಬ ಆಸೆಯೂ ಹುಸಿಯಾಯಿತು. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡರು. 22 ತುಂಬಲು ಇನ್ನೂ ಒಂದು ತಿಂಗಳಿಗೂ ಹೆಚ್ಚು ಬಾಕಿ ಇತ್ತು.

ಆಗ ಟಿಬಿಗೆ ಇದ್ದ ಚಿಕಿತ್ಸೆ ಎಂದರೆ ವಿಶ್ರಾಂತಿ, ಒಳ್ಳೆಯ ಊಟ, ಹವೆ ಬದಲಾವಣೆ. ಟಿಬಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ಮೊದಲ ಔಷಧ ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1943ರಲ್ಲಿ, ಅಂದರೆ ಅವರು ತೀರಿಕೊಂಡ 56 ವರ್ಷಗಳ ನಂತರ. ಯಾವ ವಿಜ್ಞಾನವನ್ನು ಕಲಿಯಲು ಸಮುದ್ರ ದಾಟಿದರೋ ಆ ವಿಜ್ಞಾನದ ಬಳಿ ಅವರ ಕಾಯಿಲೆಗೆ ಅಂದು ಮದ್ದಿರಲಿಲ್ಲ.

ಹಾಗಾದರೆ ಮೊದಲ ಮಹಿಳಾ ವೈದ್ಯೆ ಯಾರು?

ಇದು ಪ್ರತಿ ವರ್ಷ ಮಾರ್ಚ್ 31ರ ಸುಮಾರಿಗೆ ಗ್ರೂಪ್‌ಗಳಲ್ಲಿ ಜಗಳಕ್ಕೆ ಕಾರಣವಾಗುವ ಪ್ರಶ್ನೆ. ಉತ್ತರ ನೀವು ಏನನ್ನು ಕೇಳುತ್ತಿದ್ದೀರಿ ಎಂಬುದರ ಮೇಲೆ ನಿಂತಿದೆ.

ವಿದೇಶಕ್ಕೆ ಹೋಗಿ ಪಾಶ್ಚಾತ್ಯ ವೈದ್ಯಕೀಯದಲ್ಲಿ ಪದವಿ ಪಡೆದ ಮೊದಲ ಭಾರತೀಯ ಮಹಿಳೆ ಯಾರು ಎಂದರೆ ಆನಂದಿಬಾಯಿ ಜೋಶಿ, 1886.

ಭಾರತದಲ್ಲೇ ಓದಿ ವೈದ್ಯೆಯಾಗಿ ರೋಗಿಗಳನ್ನು ನೋಡಿದ ಮೊದಲಿಗರಲ್ಲಿ ಯಾರು ಎಂದರೆ ಕಾದಂಬಿನಿ ಗಂಗೂಲಿ. 1883ರಲ್ಲಿ ಬಿ.ಎ. ಮುಗಿಸಿದ ಅವರು ಕಲ್ಕತ್ತ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಆನಂದಿಬಾಯಿ ಪದವಿ ಪಡೆದ 1886ರಲ್ಲೇ ವೈದ್ಯಕೀಯ ಅರ್ಹತೆ ಪಡೆದರು. 1890ರ ದಶಕದಲ್ಲಿ ಬ್ರಿಟನ್ನಿಗೆ ಹೋಗಿ ಇನ್ನಷ್ಟು ಅರ್ಹತೆಗಳನ್ನು ಸಂಪಾದಿಸಿದರು. 1923ರಲ್ಲಿ ತೀರಿಕೊಳ್ಳುವವರೆಗೂ ಅವರದು ವೈದ್ಯವೃತ್ತಿ.

ಮೂರನೆಯ ಹೆಸರು ರುಖ್ಮಾಬಾಯಿ. ಬಾಲ್ಯದಲ್ಲಿ ಮಾಡಿದ ಮದುವೆಯನ್ನು ಒಪ್ಪದೆ ನ್ಯಾಯಾಲಯದಲ್ಲಿ ಹೋರಾಡಿ, ಲಂಡನ್‌ನಲ್ಲಿ ವೈದ್ಯಕೀಯ ಓದಿ, ಸೂರತ್ ಮತ್ತು ರಾಜಕೋಟ್‌ನಲ್ಲಿ ದಶಕಗಳ ಕಾಲ ಕೆಲಸ ಮಾಡಿದವರು.

ಒಬ್ಬರನ್ನು ಮೊದಲಿಗರೆಂದು ಮಾಡಲು ಇನ್ನೊಬ್ಬರನ್ನು ಅಳಿಸಬೇಕಿಲ್ಲ. ಆ ಫೋಟೋದಲ್ಲಿದ್ದ ಇನ್ನಿಬ್ಬರದೂ ಇದೇ ಕಥೆ. ಕೇ ಒಕಾಮಿ ಪಾಶ್ಚಾತ್ಯ ದೇಶದಲ್ಲಿ ವೈದ್ಯಕೀಯ ಪದವಿ ಪಡೆದ ಮೊದಲ ಜಪಾನಿ ಮಹಿಳೆ. ಆದರೆ ಜಪಾನಿನ ಒಳಗೇ ಓದಿದ ಒಗಿನೊ ಗಿಂಕೊ 1885ರಲ್ಲೇ ವೈದ್ಯಕೀಯ ಪರವಾನಗಿ ಪಡೆದಿದ್ದರು. ಆನಂದಿಬಾಯಿ ಭಾರತಕ್ಕೆ ಮರಳಿದ ವರ್ಷವೇ ಅದೇ ಕಾಲೇಜಿಗೆ ಸೇರಿದ ಸೂಸನ್ ಲಾ ಫ್ಲೆಶ್ 1889ರಲ್ಲಿ ಅಮೆರಿಕದ ಮೂಲನಿವಾಸಿಗಳಲ್ಲಿ ಮೊದಲ ಮಹಿಳಾ ವೈದ್ಯೆಯಾದರು.

ಫಾರ್ವರ್ಡ್ ಮಾಡುವ ಮುನ್ನ

ಆ ಫೋಟೋ ಮತ್ತೆ ಬಂದರೆ ಖಂಡಿತ ಶೇರ್ ಮಾಡಿ. ಜೊತೆಗೆ ಈ ನಾಲ್ಕು ವಿಷಯ ಸೇರಿಸಿದರೆ ಒಳ್ಳೆಯದು.

ಒಂದು, ಫೋಟೋದಲ್ಲಿರುವವರು ಆಗಿನ್ನೂ ವಿದ್ಯಾರ್ಥಿನಿಯರು.

ಎರಡು, ಆನಂದಿಬಾಯಿ ಪದವಿ ಪಡೆದರು, ಆದರೆ ನೇಮಕವಾದ ಆಸ್ಪತ್ರೆಯಲ್ಲಿ ಕೆಲಸ ಮಾಡಲು ಅವರಿಗೆ ಆಯುಷ್ಯ ಸಿಗಲಿಲ್ಲ.

ಮೂರು, ಅವರನ್ನು ಕೊಂದದ್ದು ಸಮುದ್ರ ದಾಟಿದ ಪಾಪವೂ ಅಲ್ಲ, ಚಳಿಯೂ ಅಲ್ಲ. ಟಿಬಿ.

ನಾಲ್ಕು, ಆ ಟಿಬಿ ಇವತ್ತು ವಾಸಿಯಾಗುವ ಕಾಯಿಲೆ. ಸಾಮಾನ್ಯ ಟಿಬಿಗೆ ಆರು ತಿಂಗಳು ಬಿಡದೆ ಮಾತ್ರೆ ತೆಗೆದುಕೊಂಡರೆ ಬಹುತೇಕರು ಗುಣವಾಗುತ್ತಾರೆ. ಸರ್ಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಪೌಷ್ಟಿಕ ಆಹಾರಕ್ಕೆಂದು ರೋಗಿಯ ಖಾತೆಗೆ ಹಣವೂ ಬರುತ್ತದೆ. ಹೀಗಿದ್ದರೂ ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲೇ ಇದ್ದಾರೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆ ಹೊತ್ತಿನ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದೇ ಕಂಡರೂ ಕಫ ಪರೀಕ್ಷೆ ಮಾಡಿಸಿ. ಹಾಸ್ಟೆಲ್‌ನಲ್ಲಿದ್ದು ಓದುತ್ತಿರುವ ಮಕ್ಕಳಿಗೂ ಇದನ್ನು ಹೇಳಿ. ಪರೀಕ್ಷೆ ಮುಗಿಯಲಿ, ಆಮೇಲೆ ತೋರಿಸೋಣ ಎಂದು ಕೆಮ್ಮನ್ನು ಮುಂದಕ್ಕೆ ಹಾಕುವವರು ಅವರೇ. ಗುಣವಾದಂತೆ ಕಂಡಿತೆಂದು ಮಾತ್ರೆಯನ್ನು ನಡುವೆ ನಿಲ್ಲಿಸಬಾರದು ಎಂಬುದನ್ನೂ ಹೇಳಿ.

ಆನಂದಿಬಾಯಿಯ ಚಿತಾಭಸ್ಮವನ್ನು ಗೋಪಾಲರಾವ್ ಅಮೆರಿಕದ ಕಾರ್ಪೆಂಟರ್ ಚಿಕ್ಕಮ್ಮನಿಗೆ ಕಳಿಸಿಕೊಟ್ಟರು. ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿ ಎಂಬ ಊರಿನಲ್ಲಿ, ಕಾರ್ಪೆಂಟರ್ ಕುಟುಂಬದ ಸಮಾಧಿಗಳ ಜೊತೆ ಅದನ್ನಿಟ್ಟು ಕಲ್ಲು ನೆಟ್ಟಿದ್ದಾರೆ. ಆ ಕಲ್ಲಿನ ಮೇಲೆ ಹೆಸರಿನ ಪಕ್ಕದಲ್ಲಿ ಎಂ.ಡಿ. ಎಂದಿದೆ. ಅದರ ಕೆಳಗೆ ಮೊದಲ ಡಾಕ್ಟರ್ ಎಂದು ಕೆತ್ತಿಸಿಲ್ಲ. ವಿದ್ಯೆಗಾಗಿ ಭಾರತವನ್ನು ಬಿಟ್ಟು ಹೊರಟ ಮೊದಲ ಬ್ರಾಹ್ಮಣ ಮಹಿಳೆ ಎಂಬರ್ಥದ ಸಾಲಿದೆ. ಅವರನ್ನು ಹತ್ತಿರದಿಂದ ಬಲ್ಲವರು ನೆನಪಿಟ್ಟುಕೊಂಡದ್ದು ಅವರ ಓದನ್ನು.